ಟ್ರ್ಯಾಕ್ಟರಿನ ತಂಗಿ ಅಟ್ರಾಕ್ಷನ್

ಕಬ್ಬು ಕಡಿಯುವ ಕಾಲ. ತಂಗಿಯ ಮಗಳನ್ನು ಕರೆದುಕೊಂಡು ನಂಜನಗೂಡಿನಿಂದ ತಿ. ನರಸೀಪುರಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ಅವಳಿಗೆ ಆರನೇ ತರಗತಿ. ಕಿಟಕಿ ಪಕ್ಕದ ಸೀಟು ಹಿಡಿದು ಕೂತವಳು ಒಂದಷ್ಟು ಹೊತ್ತು ಹೊರಗೆ ನೋಡಿದಳು, ಆಮೇಲೆ ನನ್ನ ಸೆರಗನ್ನು ಕೈಯಲ್ಲಿ ಹಿಡಿದು, “ದೊಡ್ಡಮ್ಮ, ನಿಮ್ಮ ಸೀರೆ ತುಂಬಾ ಅಟ್ರಾಕ್ಟಿವ್ ಆಗಿದೆ” ಅಂದಳು.

ಅದೇ ಹೊತ್ತಿಗೆ ಬಸ್ಸು ನಿಧಾನವಾಯಿತು. ಮುಂದೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರೊಂದು ಏದುಸಿರು ಬಿಡುತ್ತ ದಿಬ್ಬ ಹತ್ತುತ್ತಿತ್ತು. ಟ್ರೇಲರಿನಿಂದ ಕಬ್ಬಿನ ತುದಿಗಳು ರಸ್ತೆಗೆ ತಾಗಿ ಸರಸರ ಅನ್ನುತ್ತಿದ್ದವು.

“ಪುಟ್ಟಿ, ನಿನ್ನ ಬಾಯಲ್ಲಿ ಈಗ ಬಂತಲ್ಲ ಆ ಮಾತು, ಅದೂ ಈ ಟ್ರ್ಯಾಕ್ಟರೂ ಅಕ್ಕ ತಂಗಿ” ಅಂದೆ.

ಅವಳು ನಂಬಲಿಲ್ಲ. ಸೀರೆಗೂ ಟ್ರ್ಯಾಕ್ಟರಿಗೂ ಎಲ್ಲಿಯ ನೆಂಟು ಎಂದು ನಕ್ಕಳು. ಮಕ್ಕಳೇ, ನೀವೂ ನಗಬಹುದು. ಆದರೆ ಇದು ನಿಜ. ಲ್ಯಾಟಿನ್ ಭಾಷೆಯಲ್ಲಿ ‘ಟ್ರಾಹೆರೆ’ ಎಂದರೆ ಎಳೆಯುವುದು. ಎಳೆಯುವ ಯಂತ್ರ ಟ್ರ್ಯಾಕ್ಟರ್. ಅದೇ ಮಾತಿನ ಹಿಂದೆ ‘ಕಡೆಗೆ’ ಎಂಬ ಅರ್ಥದ ‘ಅಡ್’ ಸೇರಿಸಿದರೆ ‘ತನ್ನ ಕಡೆಗೆ ಎಳೆದುಕೊಳ್ಳುವುದು’, ಅಂದರೆ ಅಟ್ರಾಕ್ಟ್. ಒಂದು ಕಬ್ಬು ಎಳೆಯುತ್ತದೆ, ಇನ್ನೊಂದು ಕಣ್ಣು ಎಳೆಯುತ್ತದೆ.

ಇದಕ್ಕಿಂತ ಚೆಂದದ ಸಂಗತಿ ನಮ್ಮ ಮಾತಿನಲ್ಲೇ ಇದೆ. ಅಟ್ರಾಕ್ಷನ್ ಅನ್ನುವುದಕ್ಕೆ ನಾವು ಆಕರ್ಷಣೆ ಅನ್ನುತ್ತೇವೆ. ಇದು ಸಂಸ್ಕೃತದ ‘ಕೃಷ್’ ಎಂಬ ಧಾತುವಿನಿಂದ ಬಂದದ್ದು. ‘ಕೃಷ್’ ಎಂದರೂ ಎಳೆಯುವುದೇ. ನೇಗಿಲನ್ನು ನೆಲದಲ್ಲಿ ಎಳೆಯುತ್ತ ಹೋಗುವುದು ಕೃಷಿ. ಮನಸ್ಸನ್ನು ಎಳೆಯುವುದು ಆಕರ್ಷಣೆ. ಅಲ್ಲಿ ಟ್ರ್ಯಾಕ್ಟರಿಗೆ ಅಟ್ರಾಕ್ಷನ್ ತಂಗಿಯಾದರೆ ಇಲ್ಲಿ ಕೃಷಿಗೆ ಆಕರ್ಷಣೆ ತಂಗಿ. ಸಾವಿರಾರು ಮೈಲಿ ದೂರದ ಎರಡು ನಾಡಿನ ಜನ, ಎತ್ತು ನೊಗ ಹಗ್ಗಗಳನ್ನು ನೋಡಿಕೊಂಡು ಬದುಕಿದವರು, ಮನಸ್ಸಿಗೆ ಆಗುವ ಅನುಭವಕ್ಕೆ ಹೆಸರು ಹುಡುಕುವಾಗ ಒಂದೇ ಹಗ್ಗಕ್ಕೆ ಕೈ ಹಾಕಿದ್ದಾರೆ. ಅಚ್ಚಗನ್ನಡದಲ್ಲೂ ಹಾಗೇ ಆಗಿದೆ: ಸೆಳೆ ಎಂದರೆ ಎಳೆ. ಮನಸ್ಸಿನದು ಸೆಳೆತ, ಹೊಳೆಯದು ಸೆಳವು.

ಹಾಗಾದರೆ ಎಳೆಯುವವರು ಯಾರು? ಹಗ್ಗ ಎಲ್ಲಿದೆ? ವಿಜ್ಞಾನ ಶುರುವಾಗುವುದೇ ಈ ಪ್ರಶ್ನೆಯಿಂದ.

ಅಟ್ರಾಕ್ಷನ್ ಎಂಬ ಪದ ಇಂಗ್ಲಿಷಿನಲ್ಲಿ 600 ವರ್ಷಗಳ ಹಿಂದೆ ಓಡಾಡಲು ತೊಡಗಿದಾಗ ಅದು ಹೆಚ್ಚಾಗಿ ಇದ್ದದ್ದು ವೈದ್ಯರ ಬಾಯಲ್ಲಿ. ಮೈಯೊಳಗಿನ ಕೆಟ್ಟ ರಸವನ್ನು ಹೊರಕ್ಕೆ ಎಳೆಯುವುದಕ್ಕೆ ಆ ಹೆಸರು. ನಮ್ಮ ಕಡೆಯ ಅಜ್ಜಿಯರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಗಾಯ ಕೆಂಪಗೆ ಊದಿಕೊಂಡರೆ “ನಂಜಾಗಿದೆ” ಅನ್ನುತ್ತಾರೆ. ಕುರುವಿನ ಮೇಲೆ ಪಟ್ಟು ಹಾಕಿದರೆ “ನಂಜು ಎಳೆದುಬಿಡುತ್ತೆ” ಅನ್ನುತ್ತಾರೆ. ನಂಜುಂಡ ನೆಲೆಸಿದ ಊರಿನ ಹೆಸರಲ್ಲೇ ನಂಜು ಇದೆಯಲ್ಲ, ಅದೇ ಮಾತು.

ಹೀಗೆ ಎಳೆಯುವ ಒಂದು ಕಥೆಯಿದೆ. ಹೊಲ ಉಳುವ ಯಂತ್ರಕ್ಕೆ ಟ್ರ್ಯಾಕ್ಟರ್ ಎಂಬ ಹೆಸರು ಬರುವುದಕ್ಕೆ ಎಷ್ಟೋ ಮೊದಲು, 1796ರಲ್ಲಿ, ಅಮೆರಿಕದ ಎಲೈಶಾ ಪರ್ಕಿನ್ಸ್ ಎಂಬ ವೈದ್ಯ ಎರಡು ಲೋಹದ ಕಡ್ಡಿಗಳಿಗೆ ಪೇಟೆಂಟ್ ಪಡೆದ. ಒಂದೊಂದೂ ಬೆರಳುದ್ದ, ತುದಿ ಚೂಪು. ನೋವಿರುವ ಕಡೆ ಚರ್ಮದ ಮೇಲೆ ಸವರಿದರೆ ಅವು ನೋವನ್ನು ಎಳೆದು ಹಾಕುತ್ತವೆ ಎಂದ. ಅವುಗಳ ಹೆಸರೇ ಟ್ರ್ಯಾಕ್ಟರ್! ಜನ ಮುಗಿಬಿದ್ದು ಕೊಂಡರು. ಸಮುದ್ರ ದಾಟಿ ಇಂಗ್ಲೆಂಡಿಗೂ ಅವು ಹೋದವು. ಅಲ್ಲಿ ಬಾತ್ ಎಂಬ ಊರಿನಲ್ಲಿದ್ದ ಜಾನ್ ಹೇಗಾರ್ಥ್ ಎಂಬ ವೈದ್ಯನಿಗೆ ಅನುಮಾನ ಬಂತು. ಅವನು ಜಗಳಕ್ಕೆ ಹೋಗಲಿಲ್ಲ, ಪರೀಕ್ಷೆ ಮಾಡಿದ. 1799ರಲ್ಲಿ ಮರದ ಕಡ್ಡಿಗಳನ್ನು ಮಾಡಿಸಿ, ಲೋಹದವುಗಳಂತೆಯೇ ಕಾಣುವ ಹಾಗೆ ಬಣ್ಣ ಬಳಿಸಿ, ಕೀಲುನೋವಿನ ಐವರಿಗೆ ಸವರಿಸಿದ. ಐವರಲ್ಲಿ ನಾಲ್ವರು ನೋವು ಕಡಿಮೆಯಾಯಿತು ಎಂದರು. ಮರುದಿನ ನಿಜವಾದ ಲೋಹದ ಕಡ್ಡಿಗಳಿಂದ ಸವರಿದಾಗಲೂ ಫಲ ಹೆಚ್ಚು ಕಡಿಮೆ ಅಷ್ಟೇ.

ಅಂದರೆ ಕಡ್ಡಿ ಏನನ್ನೂ ಎಳೆಯುತ್ತಿರಲಿಲ್ಲ. ವಾಸಿಯಾಗುತ್ತದೆ ಎಂಬ ನಂಬಿಕೆ ಅವರ ನೋವನ್ನು ಹಗುರ ಮಾಡುತ್ತಿತ್ತು. ಬಣ್ಣ ಬಳಿದ ಎರಡು ಮರದ ಕಡ್ಡಿಗಳಿಂದ ಇಷ್ಟನ್ನು ತಿಳಿದುಕೊಂಡ ಹೇಗಾರ್ಥ್ ಎಂದರೆ ನನಗೆ ಬಹಳ ಗೌರವ. ಇವತ್ತಿಗೂ ಹೊಸ ಮಾತ್ರೆಯೊಂದು ಬಂದಾಗ, ಕೆಲವರಿಗೆ ಮಾತ್ರೆಯನ್ನೂ ಕೆಲವರಿಗೆ ಮಾತ್ರೆಯಂತೆ ಕಾಣುವ ಬರೀ ಸಕ್ಕರೆ ಗುಳಿಗೆಯನ್ನೂ ಕೊಟ್ಟು ನೋಡುವ ಪದ್ಧತಿಯ ಹಿಂದೆ ಇದೇ ಯೋಚನೆಯಿದೆ.

ಬಸ್ಸು ಇಳಿದು ನಾವು ಸಂಗಮದ ದಡಕ್ಕೆ ಹೋದೆವು. ಒಂದು ಕಡೆಯಿಂದ ಕಾವೇರಿ, ಇನ್ನೊಂದು ಕಡೆಯಿಂದ ಕಪಿಲೆ, ಅಂದರೆ ಕಬಿನಿ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿ ಮೂರು ನೀರು ಕೂಡುವ ಜಾಗ ಎಂದು ಹಿರಿಯರು ಹೇಳುತ್ತಾರೆ. ತಿ. ನರಸೀಪುರದ ‘ತಿ.’ ಅಂದರೆ ತಿರುಮಕೂಡಲು, ಆ ಹೆಸರಲ್ಲೇ ಕೂಡಲು ಇದೆ. ನನ್ನ ಚೀಲದಲ್ಲಿ ಒಂದು ಅಯಸ್ಕಾಂತ ಇತ್ತು. ಕೆಟ್ಟುಹೋದ ರೇಡಿಯೋ ಸ್ಪೀಕರಿನ ಹಿಂದೆ ಉಂಗುರದಂತೆ ಇರುತ್ತದಲ್ಲ, ಅದು. ಅದನ್ನು ಒಂದು ತೆಳು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಪುಟ್ಟಿಯ ಕೈಗೆ ಕೊಟ್ಟೆ. “ಒಣ ಮರಳಲ್ಲಿ ಒಂದಷ್ಟು ಸಲ ಆಡಿಸು” ಅಂದೆ.

ಅವಳು ಕುಕ್ಕರಗಾಲಲ್ಲಿ ಕೂತು ಆಡಿಸಿದಳು. ಎತ್ತಿ ನೋಡಿದರೆ ಕವರಿನ ಸುತ್ತ ಕಪ್ಪು ಮೀಸೆ ಬೆಳೆದಿತ್ತು! ಸಾಸಿವೆಗಿಂತ ಎಷ್ಟೋ ಸಣ್ಣ ಕಪ್ಪು ಕಾಳುಗಳು, ಒಂದರ ತಲೆಯ ಮೇಲೊಂದು ನಿಂತು, ಮುಳ್ಳಿನಂತೆ ಹೊರಕ್ಕೆ ಚಾಚಿಕೊಂಡಿದ್ದವು. ಊದಿದರೆ ಅಲ್ಲಾಡುತ್ತವೆ, ಬೀಳುವುದಿಲ್ಲ. ಬೆಳ್ಳನೆಯ ಮರಳು ಒಂದು ಕಾಳೂ ಅಂಟಿರಲಿಲ್ಲ. ಕವರಿನೊಳಗಿನಿಂದ ಅಯಸ್ಕಾಂತವನ್ನು ಹೊರಗೆಳೆದ ತಕ್ಷಣ ಮೀಸೆಯೆಲ್ಲ ಕಾಗದದ ಮೇಲೆ ಸುರಿಯಿತು. “ಇಷ್ಟು ದಿನ ಇದು ಮರಳಲ್ಲೇ ಇತ್ತಾ ದೊಡ್ಡಮ್ಮ?” ಅಂದಳು. ಇತ್ತು. ಅದು ಮ್ಯಾಗ್ನೆಟೈಟ್, ಕಬ್ಬಿಣ ಮತ್ತು ಆಮ್ಲಜನಕ ಸೇರಿ ಆದ ಖನಿಜ. ಕಪಿಲೆ ಹರಿದು ಬರುವ ದಾರಿಯಲ್ಲಿ ಸರಗೂರು ಇದೆ. ಅಲ್ಲಿಯ ಬಂಡೆಗಳು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯವು, ಭೂವಿಜ್ಞಾನಿಗಳು ಅವುಗಳನ್ನು ಸರಗೂರು ಶಿಲೆಗಳೆಂದೇ ಕರೆಯುತ್ತಾರೆ. ಅವುಗಳಲ್ಲಿ ಕಬ್ಬಿಣದ ಪಟ್ಟೆಗಳಿವೆ. ಬಿಸಿಲಿಗೆ ಬಿರಿದು, ಮಳೆಗೆ ಸವೆದು, ಹೊಳೆಯಲ್ಲಿ ಉರುಳಿ ಬಂಡೆ ಮರಳಾಗುವಾಗ ಇಂಥ ಕಾಳುಗಳೂ ಜೊತೆಯಲ್ಲಿ ಬರುತ್ತವೆ.

ಅಯಸ್ಕಾಂತ ಎಂಬ ಮಾತನ್ನು ಬಿಡಿಸಿದರೆ ‘ಅಯಸ್’ ಕಬ್ಬಿಣ, ‘ಕಾಂತ’ ಪ್ರಿಯ. ಕಬ್ಬಿಣಕ್ಕೆ ಪ್ರಿಯವಾದದ್ದು! ಕನ್ನಡದಲ್ಲಿ ಸೂಜಿಗಲ್ಲು, ಸೂಜಿಯನ್ನು ಸೆಳೆಯುವ ಕಲ್ಲು. ಆದರೆ ಕಲ್ಲಿಗೆ ಪ್ರೀತಿ ಇರುತ್ತದೆಯೇ? ಹಗ್ಗ ಎಲ್ಲಿದೆ?

ಇದನ್ನು ತಿಳಿಸಲು ನನಗೆ ನಂಜನಗೂಡಿನ ದೊಡ್ಡ ಜಾತ್ರೆಗಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಪಂಚ ಮಹಾರಥೋತ್ಸವದ ದಿನ ಶ್ರೀಕಂಠೇಶ್ವರನ ಗೌತಮ ರಥವನ್ನು ನೋಡಿದ್ದೀರಾ? ಐದು ತೇರುಗಳಲ್ಲಿ ಅದೇ ದೊಡ್ಡದು. ಅದನ್ನು ಒಬ್ಬರು, ಹತ್ತು ಮಂದಿ, ನೂರು ಮಂದಿ ಎಳೆದರೆ ಕದಲುವುದಿಲ್ಲ. ಸಾವಿರಾರು ಜನ ಹಗ್ಗ ಹಿಡಿದು ನಿಂತರೂ ಸಾಲದು, ಎಲ್ಲರೂ ಒಂದೇ ದಿಕ್ಕಿಗೆ, ಒಂದೇ ಹೊತ್ತಿಗೆ ಎಳೆಯಬೇಕು. ಆಗ ಚಕ್ರ ಕಿರ್ರೆಂದು ಒಂದು ಗೇಣು ಮುಂದಕ್ಕೆ ಉರುಳುತ್ತದೆ.

ಕಬ್ಬಿಣದ ಪ್ರತಿ ಪರಮಾಣುವೂ ಒಂದು ಪುಟಾಣಿ ಅಯಸ್ಕಾಂತ. ಅವು ಕೇರಿ ಕೇರಿಯಾಗಿ ವಾಸ ಮಾಡುತ್ತವೆ. ಒಂದು ಕೇರಿಯಲ್ಲಿರುವವರೆಲ್ಲ ಒಂದೇ ಕಡೆಗೆ ಮುಖ ಮಾಡಿರುತ್ತಾರೆ. ಪಕ್ಕದ ಕೇರಿಯವರು ಬೇರೆ ಕಡೆಗೆ. ಮಾಮೂಲಿ ಮೊಳೆಯಲ್ಲಿ ಇವರ ಎಳೆತ ಅವರು ಕಳೆದು, ಅವರ ಎಳೆತ ಇವರು ಕಳೆದು, ಕೊನೆಗೆ ಏನೂ ಉಳಿಯುವುದಿಲ್ಲ. ಅಯಸ್ಕಾಂತದಲ್ಲಿ ಹೆಚ್ಚಿನ ಕೇರಿಗಳು ಒಂದೇ ದಿಕ್ಕಿಗೆ ತಿರುಗಿ ನಿಂತಿರುತ್ತವೆ, ತೇರಿನ ಹಗ್ಗ ಹಿಡಿದವರ ಹಾಗೆ. ಅಂಥದ್ದರ ಹತ್ತಿರ ಮೊಳೆಯನ್ನು ತಂದರೆ ಮೊಳೆಯ ಕೇರಿಗಳೂ ಸಾಲಿಗೆ ಬರುತ್ತವೆ, ಎರಡೂ ಟಪ್ಪನೆ ಕೂಡಿಕೊಳ್ಳುತ್ತವೆ. ಕಬ್ಬಿಣವನ್ನು ಸುಮಾರು 770 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿದರೆ ಪರಮಾಣುಗಳ ಗಡಗಡ ನಡುಕಕ್ಕೆ ಸಾಲು ಒಡೆದುಹೋಗುತ್ತದೆ. ಆಗ ಯಾವ ಸೂಜಿಗಲ್ಲೂ ಅದನ್ನು ಹಿಡಿಯಲಾರದು.

ಈ ಎಳೆತಕ್ಕೆ ಕಣ್ಣಿಗೆ ಕಾಣುವ ಹಗ್ಗ ಇಲ್ಲ. ಆದರೂ ಎಳೆತ ನಿಜ: ನೀವು ನಂಬಿದರೂ, ನಂಬದಿದ್ದರೂ ಕಪ್ಪು ಕಾಳು ಮೇಲೇಳುತ್ತದೆ. ಪರ್ಕಿನ್ಸನ ಕಡ್ಡಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಆ ವ್ಯತ್ಯಾಸ ಬಹಳ ದೊಡ್ಡದು.

ನರಸೀಪುರಕ್ಕೆ ಬಂದು ಗುಂಜಾ ನರಸಿಂಹಸ್ವಾಮಿಯನ್ನು ನೋಡದೆ ಹೋಗುವುದುಂಟೇ? ಗುಂಜಾ ಎಂದರೆ ಗುಲಗಂಜಿ. ಸ್ವಾಮಿಯ ಬೆರಳುಗಳ ನಡುವೆ ಒಂದು ಗುಲಗಂಜಿ ಇದೆ ಎನ್ನುತ್ತಾರೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಇಲ್ಲಿಯ ಜನರ ಹೆಮ್ಮೆಯ ಮಾತು. ಒಂದು ಮೂಟೆ ಹೆಚ್ಚು ಅನ್ನದೆ ಒಂದು ಗುಲಗಂಜಿ ಹೆಚ್ಚು ಅಂದರಲ್ಲ, ಆ ನಯ ನನಗೆ ಬಲು ಇಷ್ಟ.

ಗುಲಗಂಜಿ ಚಿನಿವಾರರ ಹಿಂದಿನ ಕಾಲದ ತೂಕ. ಒಂದು ಕಾಳು ಸುಮಾರು 0.12 ಗ್ರಾಂ, ಎಂಟು ಕಾಳು ಸೇರಿದರೆ ಹತ್ತಿರ ಹತ್ತಿರ ಒಂದು ಗ್ರಾಂ. ಸರಿ, ತೂಕ ಎಂದರೇನು? ಭೂಮಿ ಆ ಕಾಳನ್ನು ತನ್ನ ಕಡೆಗೆ ಎಳೆಯುವ ಎಳೆತವೇ ತೂಕ. 1150ರ ಸುಮಾರಿಗೆ ‘ಸಿದ್ಧಾಂತ ಶಿರೋಮಣಿ’ ಬರೆದ ಭಾಸ್ಕರಾಚಾರ್ಯರು ಭೂಮಿಗೆ ಆಕೃಷ್ಟಿ ಶಕ್ತಿಯಿದೆ ಎಂದರು. ಆಕೃಷ್ಟಿ ಎಂದರೂ ಅದೇ ‘ಕೃಷ್’, ಅದೇ ನೇಗಿಲಿನ ಎಳೆತ. ಆ ಎಳೆತ ಎಷ್ಟು ದೂರದಲ್ಲಿ ಎಷ್ಟಿರುತ್ತದೆ ಎಂಬ ಲೆಕ್ಕವನ್ನು 1687ರಲ್ಲಿ ಐಸಾಕ್ ನ್ಯೂಟನ್ ಕೊಟ್ಟ: ದೂರ ಎರಡರಷ್ಟಾದರೆ ಎಳೆತ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಗುಲಗಂಜಿಯನ್ನೂ ಚಂದ್ರನನ್ನೂ ಒಂದೇ ಸೂತ್ರದಲ್ಲಿ ಕಟ್ಟಿದ ಲೆಕ್ಕ ಅದು. ಚಂದ್ರನ ಮೇಲೆ ಅದೇ ಕಾಳಿನ ತೂಕ ಆರನೆಯ ಒಂದು ಭಾಗ ಮಾತ್ರ. ಆದರೆ ಚಿನಿವಾರರ ತಕ್ಕಡಿಯನ್ನು ಅಲ್ಲಿಗೆ ಒಯ್ದರೆ ಎಂಟು ಗುಲಗಂಜಿಗೆ ಎಂಟು ಗುಲಗಂಜಿಯೇ ತೂಗುತ್ತದೆ. ಯಾಕೆ ಹೇಳಿ? ಎರಡೂ ತಟ್ಟೆಗಳ ಮೇಲಿನ ಎಳೆತ ಒಂದೇ ಸಮ ಕಡಿಮೆಯಾಗಿರುತ್ತದೆ.

ಈಗ ಒಂದು ಸೂಜಿಯನ್ನು ಮೇಜಿನ ಮೇಲಿಟ್ಟು ಅಯಸ್ಕಾಂತದಿಂದ ಮೇಲೆತ್ತಿ. ಸೂಜಿಯನ್ನು ಕೆಳಕ್ಕೆ ಎಳೆಯುತ್ತಿರುವುದು ಇಡೀ ಭೂಮಿ. ಅದರ ರಾಶಿ ಎಷ್ಟು ಗೊತ್ತೇ, 6ರ ಮುಂದೆ 24 ಸೊನ್ನೆ ಬರೆದರೆ ಅಷ್ಟು ಕಿಲೋಗ್ರಾಂ. ಮೇಲಕ್ಕೆ ಎಳೆಯುತ್ತಿರುವುದು ಅಂಗೈಯಗಲದ ಒಂದು ಉಂಗುರ. ಗೆದ್ದದ್ದು ಉಂಗುರ! ಗುರುತ್ವಾಕರ್ಷಣೆ ಅಷ್ಟು ದುರ್ಬಲವಾದ ಎಳೆತ. ಭೂಮಿ ಅಷ್ಟು ದೊಡ್ಡದಾಗಿರುವುದರಿಂದ ಮಾತ್ರ ನಮಗೆ ಜೋರು ಅನ್ನಿಸುತ್ತದೆ.

ಗುಲಗಂಜಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಆ ಕೆಂಪು, ಆ ಕಪ್ಪು ಚುಕ್ಕೆ ಎಷ್ಟು ಚೆಂದ! ಕೈ ತಾನಾಗಿ ಹೋಗುತ್ತದೆ. ಆದರೆ ಅದರೊಳಗೆ ಏಬ್ರಿನ್ ಎಂಬ ಕಡು ವಿಷವಿದೆ. ಸಿಪ್ಪೆ ಗಟ್ಟಿಯಾದ್ದರಿಂದ ಮುಟ್ಟಿದರೆ ಏನೂ ಆಗದು. ಅಗಿದರೆ, ಪುಡಿ ಮಾಡಿದರೆ ಜೀವಕ್ಕೇ ಅಪಾಯ. ಪುಟ್ಟ ತಮ್ಮ ತಂಗಿಯರ ಕೈಗೆ ಅದನ್ನು ಕೊಡಬೇಡಿ. ಯಾರಾದರೂ ಬಾಯಿಗೆ ಹಾಕಿಕೊಂಡರೆ ಹೆದರಿ ಮುಚ್ಚಿಡದೆ ತಕ್ಷಣ ಹಿರಿಯರಿಗೆ ಹೇಳಿ, ಆಸ್ಪತ್ರೆಗೆ ಕರೆದೊಯ್ಯಲಿ.

ದೇವಸ್ಥಾನದಿಂದ ಬಂದು ದಡದಲ್ಲಿ ಕೂತು ಬುತ್ತಿ ಬಿಚ್ಚಿದೆವು. ಚೀಲದಲ್ಲಿ ನಂಜನಗೂಡಿನ ರಸಬಾಳೆ ಇತ್ತು. ಈಗ ಅದು ಅಪರೂಪ. ಪನಾಮಾ ಸೊರಗು ರೋಗ ಎಷ್ಟೋ ತೋಟಗಳನ್ನು ತಿಂದುಹಾಕಿದೆ. ಭೌಗೋಳಿಕ ಗುರುತು ಸಿಕ್ಕಿರುವ ಹಣ್ಣು, ಸಿಗುವುದೇ ಕಷ್ಟ. ಚೀಲದ ಬಾಯಿ ತೆರೆದದ್ದೇ ಪುಟ್ಟಿ ಮೂಗರಳಿಸಿ ಹತ್ತಿರ ಸರಿದಳು. “ಎಳೀತು ನೋಡಿ ದೊಡ್ಡಮ್ಮ” ಅಂದಳು.

ನಿಜವಾಗಿ ಎಳೆಯಿತೇ? ಇಲ್ಲ. ಹಣ್ಣಿನಿಂದ ಕೆಲವು ಅಣುಗಳು ಹಾರಿ ಬಂದು ಅವಳ ಮೂಗಿನೊಳಗೆ ಕೂತವು. ಬಾಳೆಯ ಪರಿಮಳದಲ್ಲಿ ಮುಖ್ಯವಾದದ್ದು ಐಸೋಅಮೈಲ್ ಅಸಿಟೇಟ್. ಅದು ಒಂದು ಸುದ್ದಿ, ಅಷ್ಟೇ. ಸುದ್ದಿ ಓದಿದ್ದು ಮಿದುಳು, ಎದ್ದು ಬಂದದ್ದು ಅವಳದೇ ಕಾಲು. ಸುದ್ದಿ ಒಂದೇ ಆದರೂ ಓದುವವರು ಬೇರೆಯಾದರೆ ಅರ್ಥ ಬೇರೆ: ಜೇನುಹುಳು ಕುಟುಕಿದಾಗ ತನ್ನ ಬಳಗವನ್ನು ಎಚ್ಚರಿಸಲು ಬಿಡುವ ವಾಸನೆಯಲ್ಲೂ ಇದೇ ಐಸೋಅಮೈಲ್ ಅಸಿಟೇಟ್ ಇದೆ. ನಮಗೆ ‘ಬಾ, ತಿನ್ನು’ ಅನ್ನುವುದು ಅವಕ್ಕೆ ‘ಶತ್ರು ಬಂದ, ಏಳಿ’ ಅನ್ನುತ್ತದೆ. ಜೇನುಪೆಟ್ಟಿಗೆಯ ಹತ್ತಿರ ಬಾಳೆಹಣ್ಣು ತಿನ್ನಬಾರದು ಎಂದು ಜೇನು ಸಾಕುವವರು ಹೇಳುವುದು ಇದಕ್ಕೇ.

ನನ್ನ ಹಸಿರು ಸೀರೆಯೂ ಹೀಗೆಯೇ. ಸೀರೆಯಿಂದ ಬೆಳಕು ಹೊರಟು ಅವಳ ಕಣ್ಣಿಗೆ ಬಿತ್ತು, ಚೆಂದ ಅಂದದ್ದು ಅವಳ ಮನಸ್ಸು. ಹಿಂದಿನವರಿಗೆ ಇದು ಮಂತ್ರದಂತೆ ಕಂಡಿರಬೇಕು. ಇಂಗ್ಲಿಷಿನ ‘ಚಾರ್ಮ್’ ಎಂಬ ಪದ ಬಂದದ್ದು ಹಾಡು, ಮಂತ್ರ ಎಂಬ ಅರ್ಥದ ‘ಕಾರ್ಮೆನ್’ ಎಂಬ ಲ್ಯಾಟಿನ್ ಮಾತಿನಿಂದ. ‘ಗ್ಲಾಮರ್’ ಎಂಬುದಂತೂ ಸ್ಕಾಟ್ಲೆಂಡಿನ ಜನರ ಬಾಯಲ್ಲಿ ‘ಗ್ರಾಮರ್’ ತಿರುಚಿಕೊಂಡ ರೂಪ. ಹೌದು, ನಿಮ್ಮನ್ನು ಪರೀಕ್ಷೆಯಲ್ಲಿ ಕಾಡುವ ಅದೇ ಗ್ರಾಮರ್! ಓದು ಬರಹ ಬಲ್ಲವರಿಗೆ ಮಾಟವೂ ಗೊತ್ತಿರುತ್ತದೆ ಎಂದು ಆಗಿನವರು ನಂಬಿದ್ದರು. ನಮ್ಮಲ್ಲೂ ಮೋಡಿ ಎಂದರೆ ಮಂತ್ರದಾಟವೂ ಹೌದು, ಕೂಡಿಸಿ ಬರೆಯುವ ಅಕ್ಷರವೂ ಹೌದು.

ಊಟ ಮುಗಿದ ಮೇಲೆ ಪುಟ್ಟಿ ನೀರಿನ ಕಡೆ ಹೊರಟಳು. ನಾನು ಅವಳ ಕೈ ಬಿಡಲಿಲ್ಲ. ಹೊಳೆಯ ಸೆಳವು ಮನಸ್ಸಿನ ಸೆಳೆತದಂತಲ್ಲ. ಅದು ಭೂಮಿಯದೇ ಎಳೆತ. ತಲಕಾವೇರಿ ಸಮುದ್ರಮಟ್ಟದಿಂದ 1,200 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಂದ ಕಾವೇರಿಯನ್ನು, ವಯನಾಡಿನ ಬೆಟ್ಟಗಳಿಂದ ಕಪಿಲೆಯನ್ನು ಭೂಮಿ ಕೆಳಕ್ಕೆ, ಇನ್ನೂ ಕೆಳಕ್ಕೆ ಎಳೆಯುತ್ತಲೇ ಇದೆ. ಹರಿವಿನ ವೇಗ ಎರಡರಷ್ಟಾದರೆ ನಿಮ್ಮ ಕಾಲಿಗೆ ತಾಗುವ ನೂಕು ಎರಡರಷ್ಟಲ್ಲ, ನಾಲ್ಕರಷ್ಟು. ಮೂರರಷ್ಟಾದರೆ ಒಂಬತ್ತರಷ್ಟು. ದಡದಿಂದ ನೋಡುವವರಿಗೆ ನೀರು ಸ್ವಲ್ಪ ಜೋರಾದಂತೆ ಕಾಣುತ್ತದೆ. ಒಳಗೆ ನಿಂತವರ ಕಾಲು ಆಗಲೇ ನೆಲ ಬಿಟ್ಟಿರುತ್ತದೆ. ಎರಡು ಹೊಳೆ ಕೂಡುವಲ್ಲಿ ಸುಳಿಯೂ ಇರುತ್ತದೆ. ಮಳೆಗಾಲದಲ್ಲಿ ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ನಂಜನಗೂಡಿನಲ್ಲಿ ಹೊಳೆ ಹೇಗೆ ಉಬ್ಬುತ್ತದೆ ಎಂದು ಅಲ್ಲಿಯ ಮಕ್ಕಳಿಗೆ ನಾನು ಹೇಳಬೇಕಾಗಿಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಬೇಸಿಗೆಯಲ್ಲಿ ದೊಡ್ಡವರ ಜೊತೆ ಹೋಗಿ, ನೀರಿಗೆ ಇಳಿಯದೆ, ನಂಜನಗೂಡಿನಲ್ಲಿ ಕಪಿಲೆಯ ದಡದಿಂದ ಒಂದು ಲೋಟ ಒಣ ಮರಳು, ಸಂಗಮಕ್ಕಿಂತ ಮೇಲೆ ಕಾವೇರಿಯ ದಡದಿಂದ ಅದೇ ಲೋಟದಲ್ಲಿ ಒಂದು ಲೋಟ ಮರಳು ತನ್ನಿ. ಕವರಿನಲ್ಲಿ ಸುತ್ತಿದ ಅಯಸ್ಕಾಂತವನ್ನು ಎರಡರಲ್ಲೂ ಇಪ್ಪತ್ತಿಪ್ಪತ್ತು ಸಲ ಆಡಿಸಿ, ಸಿಕ್ಕ ಕಪ್ಪು ಪುಡಿಯನ್ನು ಬೇರೆ ಬೇರೆ ಕಾಗದದಲ್ಲಿ ಕಟ್ಟಿಡಿ. ಪರಿಚಯದ ಚಿನಿವಾರರ ಅಂಗಡಿಯಿದ್ದರೆ ತೂಗಿಸಿ. ಯಾವ ಹೊಳೆಯಲ್ಲಿ ಹೆಚ್ಚು, ಎಷ್ಟು ಗುಲಗಂಜಿ ಹೆಚ್ಚು, ಜಾಗ ಮತ್ತು ದಿನದ ಸಮೇತ ಬರೆದಿಟ್ಟು ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ.